ತೋರುಬೆರಳಿನ ತುದಿ

ಹಲಸಿನ ಹಣ್ಣು ಹೆಚ್ಚುವಾಗ ಈಳಿಗೆಮಣೆ ಜಾರಿ ನನ್ನ ಬಲಗೈ ತೋರುಬೆರಳು ಕುಯ್ದುಹೋಯಿತು. ರಕ್ತ ನಿಂತ ಮೇಲೂ ಬೆರಳ ತುದಿ ಬಗ್ಗಲಿಲ್ಲ. ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚಿ ಬದುಕುವ ನಮಗೆ ಆ ಬೆರಳೇ ಅನ್ನ. ಕಡಿದ ಎಳೆಯನ್ನು ಹಿಡಿದು ಕೂಡಿಸುವುದು ಅದೇ.

ಒಳಗೆ ತುಂಡಾಗಿದ್ದ, ಬೆರಳು ಬಗ್ಗಿಸುವ ಸ್ನಾಯುರಜ್ಜುವನ್ನು ಡಾಕ್ಟರು ಹೊಲಿದು, ಕೈ ಹಿಂಬದಿಗೆ ದಬ್ಬೆ ಕಟ್ಟಿದರು. "ನಾನು ಹೊಲಿಗೆ ಹಾಕಿದ್ದೀನಿ ಅಷ್ಟೇ ಕಣಮ್ಮ. ಕೂಡಿಸೋದು ಅದರೊಳಗಿನ ಜೀವಕೋಶಗಳು. ಹೊಸ ನಾರು ಮಾಡ್ತವೆ, ಮೊದಲು ಸಿಕ್ಕುಸಿಕ್ಕಾಗಿ. ಹದವಾಗಿ ಎಳೆತ ಸಿಕ್ಕಿದರೆ ಆ ಕಡೆಗೆ ಸಾಲಾಗಿ ಜೋಡಿಸ್ತವೆ. ಅಲ್ಲಾಡಿಸದೇ ಇಟ್ಟರೆ ಅಕ್ಕಪಕ್ಕಕ್ಕೆ ಅಂಟಿಕೊಂಡು ಬೆರಳು ಮರಗಟ್ಟುತ್ತೆ. ಎಡಗೈಲಿ ಮೆಲ್ಲಗೆ ಬಗ್ಗಿಸು. ಆದರೆ ಆ ಬೆರಳಲ್ಲಿ ಏನನ್ನೂ ಹಿಡೀಬೇಡ, ಹೊಲಿಗೆ ಕಿತ್ತುಬರುತ್ತೆ."

ಅತ್ತೆಗೆ ಇದು ಹಿಡಿಸಲಿಲ್ಲ. "ಗಾಯ ಆಡಿಸಿದ್ರೆ ಕೂಡ್ತದಾ? ಸುಮ್ಕಿರ್ನಾರ್ದೆ ಇರುವೆ ಬುಟ್ಕಂಡಂಗೆ ಆಯ್ತದೆ, ನೋಡ್ಕ!" ನಾನು ಬೆರಳು ಬಗ್ಗಿಸಿದಾಗಲೆಲ್ಲ ಮುಖ ತಿರುಗಿಸಿ ದೊಡ್ಡಮಳೂರಿನ ಅಪ್ರಮೇಯಸ್ವಾಮಿಗೆ ಹರಕೆ ಹೊರುತ್ತಿದ್ದರು. ನನಗೂ ರೇಗುತ್ತಿತ್ತು. ಬೆರಳು ನನ್ನದು ತಾನೇ?

ಒಂದು ಬೆಳಿಗ್ಗೆ ಬೆವರು ಒರೆಸಲು ದಬ್ಬೆ ಬಿಚ್ಚಿದ್ದೆ. ಪಕ್ಕದಲ್ಲೇ ಅತ್ತೆ ಚರಕದ ಮುಂದೆ ನನ್ನ ಜಾಗದಲ್ಲಿ ಕೂತು, ಬಿಸಿನೀರಲ್ಲಿ ತೇಲುವ ಗೂಡುಗಳಿಂದ ನೂಲು ಬಿಚ್ಚುತ್ತಿದ್ದರು. ಎಳೆ ಕಡಿಯಿತು. ಅವರ ಕಣ್ಣಿಗೆ ಬೀಳುವ ಮೊದಲೇ ನನ್ನ ಬೆರಳು ಹೋಗಿ ಅದನ್ನು ಹಿಡಿದುಬಿಟ್ಟಿತ್ತು! ಇಷ್ಟು ವರ್ಷದ ಚಾಳಿ, ನನ್ನನ್ನೇನು ಕೇಳುತ್ತದೆಯೇ? ಅಂಗೈವರೆಗೆ ಚುರ್ರೆಂದಿತು.

"ಅಯ್ಯೋ ಹಾಳಾದೋಳೆ, ಏನ್ ಮಾಡ್ಕಂಡೆ!" ಅತ್ತೆ ಚರಕ ನಿಲ್ಲಿಸಿ, ಒದ್ದೆ ಕೈಯಲ್ಲೇ ನನ್ನನ್ನು ಆಸ್ಪತ್ರೆಗೆ ಹೊರಡಿಸಿದರು. ದಾರಿಯುದ್ದಕ್ಕೂ ಹೆದರಿಕೆಗೆ ನಾನು ಬೆರಳನ್ನು ನೋಡಲೇ ಇಲ್ಲ.

ಡಾಕ್ಟರು ಚೆನ್ನಾಗಿ ಬೈದರು. ಆಮೇಲೆ ಬೆರಳ ನಡುವಿನ ಗೆಣ್ಣು ಹಿಡಿದು, "ತುದಿ ಮಾತ್ರ ಬಗ್ಗಿಸು. ಮೆಲ್ಲಗೆ, ಒಂದೇ ಸಲ" ಎಂದರು. ಬಗ್ಗಿಸಿದೆ. ಏನೂ ಆಗಲಿಲ್ಲ. ಇನ್ನು ಚರಕದ ಮುಂದೆ ನನಗೆ ಜಾಗವಿಲ್ಲ ಎಂದು ಅಳು ನುಗ್ಗಿಬಂತು. ಆಗ ತುದಿ ಎಳ್ಳಿನಷ್ಟು ಅಲುಗಿತು.

"ಕಿತ್ತಿಲ್ಲ, ಉಳಿದುಕೊಂಡಿದೆ. ಸಾಕು ಬಿಡು" ಎಂದರು ಡಾಕ್ಟರು.

ಆಡಿಸಬೇಡ ಎಂದು ದಿನವೂ ಜಗಳ ಕಾದ ಅತ್ತೆ ನನ್ನ ಬೆರಳಿನ ಹತ್ತಿರಕ್ಕೆ ಮುಖ ತಂದಿದ್ದರು. ಕಣ್ಣು ತುಂಬಿತ್ತು.

"ಇನ್ನೊಂದ್ ಕಿತ ಬಗ್ಸವ್ವ," ಎಂದರು, "ನಾನ್ ಸರ್ಯಾಗಿ ನೋಡ್ನಿಲ್ಲ."