ಮೈದುನನ ಮದುವೆ ಶರ್ಟಿನ ಬಣ್ಣ

ಬೆಳಕು ಹರಿಯುವ ಮೊದಲೇ ಪೆನ್ಸಿಲಕ್ಕ ದೋಣಿಕಟ್ಟೆಯಲ್ಲಿ ಹಾಜರ್. ತುರುಬಿನಲ್ಲಿ ಎರಡು ಪೆನ್ಸಿಲ್, ಮುಂದೆ ಸಾಲಾಗಿ ಸ್ಪಿರಿಟ್ ತುಂಬಿದ ಗಾಜಿನ ಬಾಟಲಿಗಳು. ದೋಣಿಯಿಂದ ಇಳಿದ ಬಕೆಟ್ಟಿನಲ್ಲಿ ಸಮುದ್ರದ ಸ್ಪಂಜುಗಳು. ಒಂದನ್ನು ಎತ್ತಿ ಮೂಗಿನ ಹತ್ತಿರ ತಂದು, ಮುಖ ಕಿವುಚಿ ಚೀಟಿ ಬರೆಯುತ್ತಾರೆ. ಇಣುಕಿ ನೋಡುತ್ತೇನೆ: ‘ಹತ್ತು ಮೀಟರ್ ಆಳ. ಹಣ್ಣಾದ ಪಪ್ಪಾಯಿ ಬಣ್ಣ. ಗೀರಿದ ಬೆಂಕಿಕಡ್ಡಿ ವಾಸನೆ.’ ಚೀಟಿ ಸ್ಪಂಜಿನ ಜೊತೆಗೇ ಬಾಟಲಿಯೊಳಗೆ ಹೋಗುತ್ತದೆ.

ನಾನು ಜೇಬಿನಿಂದ ಪೆನ್ನು ತೆಗೆದದ್ದೇ ತಡ, ಅವರ ಹುಬ್ಬು ಗಂಟಿಕ್ಕುತ್ತದೆ. “ಅದನ್ನ ಒಳಗಿಡಿ ಸಾರ್. ಪೆನ್ನು ನೋಡಿದ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ. ಸ್ಪಿರಿಟ್ ಬಿತ್ತೋ, ಶಾಯಿ ಕರಗಿಹೋಗುತ್ತೆ. ಪೆನ್ಸಿಲ್ ಆದ್ರೆ ಜಪ್ಪಯ್ಯ ಅಂದ್ರೂ ಹೋಗಲ್ಲ.” ಹಾಗಾಗಿ ಈ ಲೇಖನದ ಟಿಪ್ಪಣಿಯನ್ನೆಲ್ಲ ನಾನು ಅವರೇ ಕೊಟ್ಟ ಮೋಟು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ.

ಬಾಟಲಿ ತೊಳೆಯಲು ಸೇರಿದ ಪೆನ್ಸಿಲಕ್ಕ ಇಪ್ಪತ್ತೆರಡು ವರ್ಷದಿಂದ ಕಟ್ಟೆಯ ಪಕ್ಕದ ಈ ಪ್ರಯೋಗಾಲಯದಲ್ಲಿದ್ದಾರೆ. ಓದಿದ್ದು ಏಳನೇ ತರಗತಿ. ಸ್ಪಂಜು ಓಡಲಾರದು, ಕಚ್ಚಲಾರದು. ಬದುಕಿಕೊಳ್ಳಲು ಅದರ ಮೈಯೊಳಗೇ ರಾಸಾಯನಿಕಗಳಿರುತ್ತವೆ. ಅವುಗಳಲ್ಲಿ ಯಾವುದಾದರೂ ನಮ್ಮ ರೋಗಕ್ಕೂ ಮದ್ದಾದೀತೇ ಎಂದು ಇಲ್ಲಿ ಹುಡುಕುತ್ತಾರೆ. ದೋಣಿ ಬಂದ ದಿನ ನಲವತ್ತು ಬಾಟಲಿ. ಒಂದು ಕಿಲೋ ಸ್ಪಂಜು ಅರೆದು ಸೋಸಿದರೆ ಸಿಗುವುದು ಚಿಟಿಕೆಗಿಂತ ಕಡಿಮೆ ಪುಡಿ. ಸ್ಪಂಜಿನ ಗಾಜಿನಂಥ ಮುಳ್ಳು ಚುಚ್ಚಿ ಅಕ್ಕನ ಬೆರಳುಗಳು ಒರಟಾಗಿವೆ. ವಾಸನೆಯಂತೂ ಸೋಪಿಗೆ ಬಗ್ಗುವುದಿಲ್ಲ. “ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ. ಒಳ್ಳೇದೇ ಆಯ್ತು, ಕಾಲು ಚಾಚ್ಕೊಂಡು ಹೋಗ್ತೀನಿ,” ಎಂದು ನಗುತ್ತಾರೆ.

ಅವರ ಚೀಟಿಗಳನ್ನು ನೋಡಿ ವಿಜ್ಞಾನಿಗಳೂ ನಗುತ್ತಿದ್ದರು, ಹೋದ ತಿಂಗಳವರೆಗೆ. ಆಗ ಒಂದು ಬಾಟಲಿಯ ಸ್ಪಂಜಿನ ಸಾರ, ಎಷ್ಟೋ ಔಷಧಿಗೆ ಜಗ್ಗದ ರೋಗಾಣುವನ್ನು ಕೊಂದುಹಾಕಿತು. ಇಡೀ ಕೋಣೆ ಕುಣಿಯಿತು. ಯಾವ ಸ್ಪಂಜು ಎಂದು ಬಾಟಲಿ ತಿರುಗಿಸಿದರೆ ನಂಬರೇ ಇಲ್ಲ! ಅಂದು ನಂಬರ್ ಹಾಕುವ ಕೆಲಸ ವಹಿಸಿಕೊಂಡಿದ್ದವರು ಹಿರಿಯ ವಿಜ್ಞಾನಿ ಮೇಡಂ. ಹೊರಗಡೆ ಹೊಸ ಮಾರ್ಕರಿನಲ್ಲಿ ಬರೆದಿದ್ದರು, ಸ್ಪಿರಿಟ್ ಚೆಲ್ಲಿ ಅಳಿಸಿಹೋಗಿತ್ತು. ಇದ್ದ ಹೆಬ್ಬೆರಳಷ್ಟು ಸ್ಪಂಜೂ ಪರೀಕ್ಷೆಗೇ ಮುಗಿದಿತ್ತು. “ತಪ್ಪು ನಂದೇ. ಅವತ್ತು ಊಟ ಸೇರಲಿಲ್ಲ,” ಎಂದು ಮೇಡಂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಉಳಿದದ್ದು ಒಳಗಿನ ಚೀಟಿ: ‘ದೊಡ್ಡ ಬಂಡೆ. ಹದಿನೈದು ಮೀಟರ್. ಮೈದುನನ ಮದುವೆ ಶರ್ಟಿನ ಬಣ್ಣ.’

ಆ ಬಂಡೆಯ ಮೇಲೆ ಆಕಾರದಲ್ಲಿ ಒಂದೇ ಥರದ ಆರು ಬಗೆಯ ಸ್ಪಂಜುಗಳಿವೆ. ಜೀವಂತ ಇದ್ದಾಗಿನ ಬಣ್ಣವೊಂದೇ ಗುರುತು; ಸ್ಪಿರಿಟ್ಟಿಗೆ ಬಿದ್ದರೆ ಎಲ್ಲವೂ ಕಂದು. ಸರಿ, ಬೀಗ ರಿಪೇರಿ ಮಾಡುವ ಮೈದುನನಿಗೆ ಫೋನ್ ಹೋಯಿತು. ಆತ ಅಂಗಡಿ ಮುಚ್ಚಿ, ಶರ್ಟು ಇಸ್ತ್ರಿ ಮಾಡಿಕೊಂಡೇ ಬಂದ. ಕೆಂಪೂ ಅಲ್ಲದ, ನೇರಳೆಯೂ ಅಲ್ಲದ ಆ ಬಣ್ಣವನ್ನು ಐವರು ವಿಜ್ಞಾನಿಗಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಮದುವೆ ದಿನ ಅತ್ತಿಗೆ ಇದನ್ನ ನೋಡಿ ನಕ್ಕಿದ್ದೇ ನಕ್ಕಿದ್ದು. ಈಗ ಯಾರು ನಗ್ತಾರೆ ನೋಡೋಣ,” ಎಂದ ಮೈದುನ. ಇನ್‌ಶರ್ಟ್ ಮಾಡಿದರೆ ಕಾಣದ ಕಡೆ ಅಂಗೈಯಗಲ ಕತ್ತರಿಸಿಕೊಳ್ಳಲು ಒಪ್ಪಿದ.

ನಾನು ದೋಣಿಕಟ್ಟೆಗೆ ಹೋದ ಈ ಬೆಳಿಗ್ಗೆ, ಆ ತುಂಡು ಮುಳುಗುಗಾರನ ಜೊತೆ ಸಮುದ್ರದ ತಳಕ್ಕೆ ಹೋಗಿ ಬಂದಿದೆ. ಆಳದಲ್ಲಿ ಕೆಂಪು ಕಾಣದಾದ್ದರಿಂದ ಬಟ್ಟೆಯ ಮೇಲೂ ಬಂಡೆಯ ಮೇಲೂ ಟಾರ್ಚ್ ಬಿಟ್ಟು ತಾಳೆ ನೋಡಿದ್ದಾನೆ. ಕೊನೆಯ ಚೀಲ ಎತ್ತಿ ಅವನು ಕೂಗುತ್ತಾನೆ: “ಅಕ್ಕಾ, ನಿಮ್ಮ ಮೈದುನ ಸಿಕ್ಕಿದ್ರು!” ಕಟ್ಟೆಯೆಲ್ಲ ಗೊಳ್ಳೆನ್ನುತ್ತದೆ. ಅಕ್ಕ ಮಾತ್ರ ನಗುವುದಿಲ್ಲ. “ಬಣ್ಣ ಅದೇ. ಆದ್ರೆ ಕೆಲಸ ಮಾಡ್ಬೇಕಲ್ಲ? ನನ್ನ ಮಾತು ನಂಬಿ ಇಷ್ಟು ಜನ ಒದ್ದಾಡಿದಾರೆ.”

ಮೂರು ದಿನ ಬಿಟ್ಟು ಮತ್ತೆ ಹೋಗುತ್ತೇನೆ. ಮೇಜಿನ ಮೇಲೊಂದು ಗಾಜಿನ ತಟ್ಟೆ. ತುಂಬ ರೋಗಾಣು ಬೆಳೆದು ಮಂಜು ಕವಿದಂತಿದೆ. ನಡುವೆ, ಸ್ಪಂಜಿನ ಸಾರ ಹಾಕಿದ ಕಡೆ, ಕಾಸಿನಗಲ ತಿಳಿಯಾದ ವೃತ್ತ. ಅಲ್ಲಿ ಒಂದು ರೋಗಾಣುವೂ ಬದುಕಿಲ್ಲ. ಔಷಧಿಯಾಗಲು ಇನ್ನೂ ಎಷ್ಟು ವರ್ಷ ಬೇಕೋ, ಆದೀತೋ ಇಲ್ಲವೋ. ಆದರೂ ನನಗೇ ಕುಣಿಯಬೇಕೆನಿಸುತ್ತದೆ. ಇನ್ನು ಮುಂದೆ ಪ್ರತಿ ನಮೂನೆಗೂ ಅಕ್ಕನ ಮಾತಿನಲ್ಲೇ ಬಣ್ಣ ಬರೆಯಬೇಕೆಂದು ಮೇಡಂ ಆಗಲೇ ಹೇಳಿಬಿಟ್ಟಿದ್ದಾರೆ.

ಪೆನ್ಸಿಲಕ್ಕ ಕೈ ಒರೆಸಿಕೊಂಡು ತಟ್ಟೆಯ ಮೇಲೆ ಬಾಗುತ್ತಾರೆ. ತುಂಬ ಹೊತ್ತು ನೋಡುತ್ತಾರೆ.

“ಇಷ್ಟು ವರ್ಷ ಬಾಟಲಿ ತುಂಬಿಸಿದ್ದೇ ಬಂತು ಸಾರ್,” ಎನ್ನುತ್ತಾರೆ. “ಈ ಖಾಲಿ ಜಾಗ ಇದ್ಯಲ್ಲ, ಇದು ನಂದು ಅನ್ನಬಹುದು, ಅಲ್ವಾ?”