ಕೋತಿ ಎಳೆದ ಸೀರೆ

ಬಟ್ಟೆಯ ವಿಷಯ ಬಂದರೆ ನಮ್ಮವರ ಇಂಗ್ಲಿಷಿಗೆ ಲಂಗುಲಗಾಮಿಲ್ಲ. ಕ್ಲಾತ್ ಅಂದರೆ ಅಂಗಡಿಯಲ್ಲಿ ಮೀಟರಿನ ಲೆಕ್ಕದಲ್ಲಿ ಕತ್ತರಿಸಿ ಕೊಡುವುದು, ಮೈಮೇಲೆ ಹಾಕಿಕೊಂಡರೆ ಅದು ಕ್ಲೋತ್ಸ್. ಪ್ಯಾಂಟು ಒಂದೇ ಇದ್ದರೂ ಬಹುವಚನ. ಜಾವಗಲ್ಲಿನ ಹೈಸ್ಕೂಲಿನಲ್ಲಿ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಮಕ್ಕಳು ಪರೀಕ್ಷೆಯಲ್ಲಿ ಸರಿಯಾಗಿ ಬರೆದು, ಹೊರಗೆ ಬಂದು ಮತ್ತೆ ತಪ್ಪಾಗಿಯೇ ಮಾತಾಡುತ್ತಾರೆ. ನಾನು ರೇಗುತ್ತೇನೆ, ತಿದ್ದುತ್ತೇನೆ. ಬಸ್ಸಿನಲ್ಲಿ, ಮದುವೆ ಊಟದಲ್ಲಿ, ಎಲ್ಲಿದ್ದರೂ ತಿದ್ದುವ ಈ ಚಟದಿಂದ ನಾನೊಬ್ಬ ಮನುಷ್ಯನ ಬಾಯಿ ಕಟ್ಟಿಹಾಕಿದೆ.

ಅವರು ಬೇಲೂರಿನ ದೇವಸ್ಥಾನದಲ್ಲಿ ಗೈಡ್. ಊರು ಹಗರೆ ಕಡೆ. ಇಂಗ್ಲಿಷನ್ನು ಪುಸ್ತಕದಿಂದ ಕಲಿತವರಲ್ಲ, ಬಂದ ಪ್ರವಾಸಿಗರ ಬಾಯಿಂದ ಹೆಕ್ಕಿಕೊಂಡವರು. ಸೂರಿನ ನೆರಳಲ್ಲಿರುವ ಮದನಿಕೆಯರನ್ನು ತೋರಿಸಲು ಅಂಗೈಯಗಲದ ಕನ್ನಡಿಯಲ್ಲಿ ಬಿಸಿಲು ಹಿಡಿದು ಮೇಲಕ್ಕೆ ಬಿಡುತ್ತಿದ್ದರು. ಕೋತಿಯೊಂದು ಸೀರೆ ಎಳೆಯುತ್ತಿರುವ ಮದನಿಕೆಯ ಹತ್ತಿರ ಬಂದಾಗ ಮಾತ್ರ ಕನ್ನಡಿ ಜೇಬಿಗೆ ಹೋಗುತ್ತಿತ್ತು, ಹೆಗಲ ಮೇಲಿನ ಟವೆಲ್ಲು ಸೊಂಟಕ್ಕೆ ಬರುತ್ತಿತ್ತು. ಒಂದು ಕೈಯಲ್ಲಿ ಅದರ ತುದಿ ಎಳೆಯುತ್ತ ತಾವೇ ಕೋತಿಯಾಗಿ ಹಲ್ಲು ಕಿರಿಯುವರು, ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ತಾವೇ ಹೆಣ್ಣಾಗಿ ಗದರುವರು.

"ಲೀವ್, ಲೀವ್! ಮೈ ಸ್ಯಾರಿ ಕಮಿಂಗ್!"

ಸೀರೆ ಬಿಚ್ಚಿ ಬರ್ತಿದೆ ಬಿಡೋ ಅನ್ನುವುದಕ್ಕೆ ಅವರ ಇಂಗ್ಲಿಷ್ ಅದು. ನಾನು ಮೊದಲ ಸಲ ನೋಡಿದ ದಿನ ವಿದೇಶದ ದಂಪತಿ ನಕ್ಕು ನಕ್ಕು ಕಂಬಕ್ಕೆ ಒರಗಿದ್ದರು. ನನ್ನ ಜೊತೆ ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದ ಇಂಗ್ಲಿಷ್ ಟೀಚರ್ ಇದ್ದರು. ಅವರೂ ನಗುತ್ತಿದ್ದರು. ನನಗೂ ನಗು ಬಂದಿತ್ತು. ಆದರೆ ಹೊಸ ಟೀಚರ್ ಎದುರು ನನ್ನ ವಿದ್ಯೆ ತೋರಿಸಬೇಕಲ್ಲ! "ಸೀರೆ ಬರೋದಿಲ್ಲ ಕಣ್ರೀ," ಎಂದು ನಡುವೆ ಬಾಯಿ ಹಾಕಿದೆ. "ಆ ಕಾಲದಲ್ಲಿ ಅದು ಸೀರೆಯೋ ಅಲ್ಲವೋ, ಅದೇ ಖಾತ್ರಿಯಿಲ್ಲ. ಗಾರ್ಮೆಂಟ್ ಅನ್ನಿ. ಪೂರ್ತಿ ವಾಕ್ಯ ಹೇಳಿ."

ಗೈಡ್ ಕೈಯಲ್ಲಿ ಟವೆಲ್ಲು ಹಾಗೇ ನಿಂತಿತು. ದಂಪತಿಗೆ ನಾವು ಏನು ಮಾತಾಡಿದೆವೆಂದು ಅರ್ಥವಾಗದಿದ್ದರೂ ನಗು ನಿಂತಿತು. ಗೈಡ್ ಬೇಸರ ಮಾಡಿಕೊಳ್ಳಲಿಲ್ಲ, ಅದೇ ನನಗೆ ಇವತ್ತಿಗೂ ಚುಚ್ಚುವುದು. ಆಮೇಲೆ ಗೇಟಿನವರೆಗೂ ನನ್ನ ಹಿಂದೆ ಬಂದರು.

"ಮೇಷ್ಟ್ರೇ, ಇಷ್ಟ್ ವರ್ಷದಿಂದ ತಪ್ಪೇ ಹೇಳ್ತಿದ್ದೆ ನೋಡಿ. ಒಂಚೂರು ಬರ್ಕೊಡ್ತೀರಾ?"

ಬರೆದುಕೊಟ್ಟೆ. ಕಾಫಿ ಹೋಟೆಲಿನಲ್ಲಿ ಕೂತು, ಒಂದು ಹಾಳೆಯ ಎರಡೂ ಮಗ್ಗುಲು ತುಂಬ, ಯಾವುದು ಕ್ಲಾತ್, ಯಾವುದು ಕ್ಲೋತ್ಸ್, ಯಾರು ಏನು ಉಟ್ಟಿದ್ದಾರೆ, ಎಲ್ಲ ಬರೆದುಕೊಟ್ಟೆ. ವಾಪಸು ಬಸ್ಸಿನಲ್ಲಿ ಹಳೇಬೀಡು ದಾಟುವವರೆಗೂ ಒಳ್ಳೆಯ ಕೆಲಸ ಮಾಡಿದೆನೆಂದು ಬೀಗುತ್ತಿದ್ದೆ.

ಆರೇಳು ತಿಂಗಳಾದ ಮೇಲೆ ಒಬ್ಬನೇ ಬೇಲೂರಿಗೆ ಹೋಗಿದ್ದೆ. ಅದೇ ಮದನಿಕೆಯ ಕೆಳಗೆ ಅವರು ನಿಂತಿದ್ದರು. ಕೈಯಲ್ಲಿ ನನ್ನ ಹಾಳೆ, ಲ್ಯಾಮಿನೇಷನ್ ಮಾಡಿಸಿದ್ದು. ನಮ್ಮ ಮಕ್ಕಳು ಪಾಠ ಒಪ್ಪಿಸುವ ಹಾಗೆ ನೆಟ್ಟಗೆ ನಿಂತು ಓದುತ್ತಿದ್ದರು: "ದಿ ಲೇಡಿ ಈಸ್ ವೇರಿಂಗ್ ಎ ಗಾರ್ಮೆಂಟ್. ದಿ ಮಂಕಿ ಈಸ್ ಪುಲ್ಲಿಂಗ್ ದಿ ಗಾರ್ಮೆಂಟ್." ಒಂದೂ ತಪ್ಪಿಲ್ಲ. ಕೇಳುತ್ತಿದ್ದವರಲ್ಲಿ ಒಬ್ಬರು ಫೋನು ನೋಡುತ್ತಿದ್ದರು, ಇನ್ನಿಬ್ಬರು ಮುಂದಿನ ಕಂಬಕ್ಕೆ ಹೊರಟೇಬಿಟ್ಟಿದ್ದರು. ಟವೆಲ್ಲು ಹೆಗಲಿಂದ ಕದಲಲಿಲ್ಲ.

ಜನ ಚದುರಿದ ಮೇಲೆ ನನ್ನನ್ನು ಕಂಡು ಓಡಿಬಂದರು. ಈಗೀಗ ಯಾಕೋ ತಮ್ಮನ್ನು ಕೇಳಿಕೊಂಡು ಬರುವವರು ಕಮ್ಮಿಯಾಗಿದ್ದಾರೆ ಎಂದರು. ಕಾರಣ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

"ಆ ಹಾಳೆ ನನಗೆ ವಾಪಸ್ ಕೊಡಿ," ಎಂದೆ. "ಮೊದಲು ಹೇಳ್ತಿದ್ದ ಹಾಗೇ ಹೇಳಿ. ಅದೇ ಚೆನ್ನಾಗಿತ್ತು."

ಹಾಳೆಯನ್ನು ಎದೆಗೆ ಒತ್ತಿಕೊಂಡರು. "ಅಯ್ಯೋ, ಇದ ಕೊಡಾಕಿಲ್ಲ ಮೇಷ್ಟ್ರೇ. ತಪ್ಪು ಅಂತ ಗೊತ್ತಾದ್ ಮ್ಯಾಲೆ ಹೆಂಗ್ ಹೇಳಾದು? ನಾಚ್ಕೆ ಆಯ್ತದೆ."

ಈ ನಾಚಿಕೆಯನ್ನು ಅವರಿಗೆ ಕೊಟ್ಟವನು ನಾನು. ಅವರ ಹತ್ತಿರ ಇರದಿದ್ದ ವಸ್ತು ಅದೊಂದೇ. ನನಗೆ ಏನು ತೋಚಿತೋ, ಅವರ ಹೆಗಲ ಟವೆಲ್ಲನ್ನು ಎಳೆದುಕೊಂಡು ನನ್ನ ಸೊಂಟಕ್ಕೆ ಸಿಕ್ಕಿಸಿದೆ. ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ಬಿಗಿದುಕೊಂಡು ನಿಂತ ಮೈ, ಬಾಗಲು ಒಪ್ಪಲಿಲ್ಲ. ಆದರೂ ತುದಿ ಎಳೆದೆ, ಹಲ್ಲು ಕಿರಿದೆ. ಸುತ್ತ ಇದ್ದವರು ತಿರುಗಿ ನೋಡಿದರು.

"ಲೀವ್, ಲೀವ್! ಮೈ ಸ್ಯಾರಿ ಕಮಿಂಗ್!" ಎಂದು ಕೂಗಿದೆ.

ಗೈಡ್ ಮುಖ ಒಂದು ಗಳಿಗೆ ಅರಳಿತು. ಇನ್ನೇನು ನಕ್ಕೇಬಿಡುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಕೈಯಲ್ಲಿದ್ದ ಹಾಳೆಯ ಕಡೆ ನೋಡಿಕೊಂಡರು. ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳಿ ನನಗೆ ಅವಮಾನ ಆಗಬಾರದೆಂದು ದನಿ ತಗ್ಗಿಸಿ, ಮೆಲ್ಲಗೆ ಹೇಳಿದರು:

"ಸ್ಯಾರಿ ಅನ್ಬಾರ್ದು ಮೇಷ್ಟ್ರೇ. ಗಾರ್ಮೆಂಟು."