ಕೊಟ್ರಪ್ಪನವರ ಭಾನುವಾರದ ಕಿವಿ

ಬೆಳಗಿನ ಐದು ಹತ್ತು. ಅತ್ತಿಬೆಲೆ ಕೈಗಾರಿಕಾ ಪ್ರದೇಶದ ಒಂದು ಪ್ರೆಸ್ ಶಾಪಿನಲ್ಲಿ ಇಪ್ಪತ್ತೆರಡು ಯಂತ್ರಗಳು ಸಾಲಾಗಿ ನಿಂತಿವೆ, ಇನ್ನೂ ಯಾವುದೂ ಬಾಯಿ ಬಿಟ್ಟಿಲ್ಲ. ಆರಕ್ಕೆ ಮೊದಲ ಶಿಫ್ಟು. ಅಷ್ಟರೊಳಗೆ ಇಪ್ಪತ್ತೆರಡನ್ನೂ ಒಂದೊಂದಾಗಿ ಮಾತಾಡಿಸಿ ಮುಗಿಸಬೇಕು. ಕೊಟ್ರಪ್ಪ ಮೊದಲನೆಯದರ ಗುಂಡಿ ಒತ್ತುತ್ತಾರೆ. ದೊಡ್ಡ ಚಕ್ರ ಮೈಮುರಿದು ಸುತ್ತತೊಡಗುತ್ತದೆ: ಗುರ್ರ್... ಗುರ್ರ್ರ್... ಗುಂಯ್. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕೂತ ಜಾಗಕ್ಕೆ ಒತ್ತಿ, ಹಿಡಿಯನ್ನು ಬಲಗಿವಿಯ ಮುಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚುತ್ತಾರೆ. ಡಾಕ್ಟರು ಎದೆ ನೋಡುವ ಗತ್ತೇ ಗತ್ತು. ‘ಉಸಿರು ಎಳ್ಕೊಳ್ಳಿ’ ಅನ್ನುವುದೊಂದು ಬಾಕಿ.

ಹತ್ತು ಸೆಕೆಂಡು. ಕಣ್ಣು ತೆರೆದು, ಯಂತ್ರದ ಹಣೆಯ ಮೇಲೆ ಚಾಕ್‌ಪೀಸಿನಲ್ಲಿ ಒಂದು ಸೊನ್ನೆ. ಸೊನ್ನೆ ಅಂದರೆ ಓಡಿಸಬಹುದು. ಅಡ್ಡಗೀಟು ಅಂದರೆ ಮುಟ್ಟಬೇಡಿ.

‘ಗ್ರೀಸ್ ಕಡಿಮಿ ಆದ್ರ ಒಣ ಎಲಿ ತುಳದಂಗ ಬರ್ತೈತ್ರಿ. ಒಳಗಿನ ಗುಂಡು ಸವದಿದ್ರ ಜ್ವಾಳ ಹುರದಂಗ. ಕ್ಲಚ್ ಹೋಗಾಕತ್ತಿತ್ತು ಅಂದ್ರ ಸಪ್ಪಳನ ಇರಂಗಿಲ್ಲ, ಏಟು ಒಂದ್ ಕಡಿ ತಡದು ಬೀಳತೈತಿ, ಅಷ್ಟ. ಅದ ಡೇಂಜರ್,’ ಅನ್ನುತ್ತಾರೆ. ಕಾರ್ಖಾನೆಯಲ್ಲಿ ಅವರ ಹುದ್ದೆಯ ಹೆಸರು ಮೇಂಟೆನೆನ್ಸ್ ಫಿಟ್ಟರ್. ಕರೆಯುವುದು ಮಾತ್ರ ‘ಕಿವಿ ಡಾಕ್ಟ್ರು’. ಪ್ರೆಸ್ ಅಂದರೆ ತಗಡನ್ನು ಒಂದೇ ಏಟಿಗೆ ಆಕಾರಕ್ಕೆ ತರುವ ಯಂತ್ರ. ನಿಮಿಷಕ್ಕೆ ನಲವತ್ತು ಏಟು ಕೊಡುವುದುಂಟು. ಏಟು ಬೀಳುವ ಜಾಗದಿಂದ ಒಂದು ಗೇಣು ಈಚೆಗೆ ಮನುಷ್ಯರ ಬೆರಳುಗಳಿರುತ್ತವೆ. ಇಪ್ಪತ್ತೊಂದು ವರ್ಷದಿಂದ ಆ ಬೆರಳುಗಳೆಲ್ಲ ಇವರ ಕಿವಿಯನ್ನು ನಂಬಿ ಕೆಲಸಕ್ಕೆ ಕೂತಿವೆ.

ಮೊದಲೆಲ್ಲ ಹಿಡಿ ಎಡಗಿವಿಗೆ ಹೋಗುತ್ತಿತ್ತು. ಆರು ತಿಂಗಳಿಂದ ಬಲಗಿವಿಗೆ. ಈ ತಿಂಗಳ ಕೊನೆಗೆ ಈ ಸುತ್ತೇ ನಿಲ್ಲುತ್ತದೆ. ನಲವತ್ತೆಂಟರ ಕೊಟ್ರಪ್ಪ ತಾವಾಗಿ ಕೇಳಿಕೊಂಡು ಪ್ರೆಸ್ ಶಾಪ್ ಬಿಟ್ಟು, ನಟ್ಟು ಬೋಲ್ಟು ಎಣಿಸಿ ಕೊಡುವ ಸ್ಟೋರ್ ರೂಮಿಗೆ ಹೋಗುತ್ತಿದ್ದಾರೆ. ಕಾರಣ ಕೇಳಿದವರಿಗೆ ನಗು ಬರುತ್ತದೆ. ಉಳಿದಿರುವ ಕಿವಿಯನ್ನು ಅವರು ಒಂದು ರಾಕ್ ಬ್ಯಾಂಡಿಗೆ ಎತ್ತಿಡುತ್ತಿದ್ದಾರೆ. ಅದೂ ಎಂಥ ಬ್ಯಾಂಡು! ಸ್ವಂತ ನೆಂಟರೇ ಅರ್ಧಕ್ಕೆ ಎದ್ದು ಹೋಗುವಂಥದ್ದು.

ಕೊಟ್ರಪ್ಪ ಕೂಡ್ಲಿಗಿ ಕಡೆಯವರು. ಐ.ಟಿ.ಐ. ಮುಗಿಸಿ ಬಂದವರು ಚಂದಾಪುರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿದ್ದಾರೆ. ಹೆಂಡತಿ ಶಿವಗಂಗಾ ದಿನಕ್ಕೆ ನೂರೈವತ್ತು ಜೋಳದ ರೊಟ್ಟಿ ಬಡಿದು ಸುತ್ತಲಿನ ರೂಮುಗಳ ಹುಡುಗರಿಗೆ ಕೊಡುತ್ತಾರೆ. ಸಂಗೀತ ಅಂದರೆ ಮೊಬೈಲಿನಲ್ಲಿ ನಾಲ್ಕು ಭಕ್ತಿಗೀತೆ, ಅದೂ ಸೋಮವಾರ. ನಾಲ್ಕು ವರ್ಷದ ಹಿಂದಿನವರೆಗೆ ಇಷ್ಟೇ.

ಕಾರ್ಖಾನೆಯ ಹಿಂಗೋಡೆಗೆ ಅಂಟಿಕೊಂಡು ಒಂದು ತಗಡಿನ ಶೆಡ್ಡಿದೆ. ಪಕ್ಕದ ಹಳ್ಳಿಯ ಚಿಕ್ಕಬೈರಪ್ಪನವರದು. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ರಾಗದ ಹಂಗಿಲ್ಲದ್ದು ಬೆಳೆಯುತ್ತಿದೆ. ಶೆಡ್ಡಿನ ಅರ್ಧ ಭಾಗವನ್ನು ‘ಸರ್ವಿಸ್ ರೋಡ್’ ಎಂಬ ನಾಲ್ವರ ಬ್ಯಾಂಡು ಬಾಡಿಗೆಗೆ ಹಿಡಿದಿದೆ. ಮೇನ್ ರೋಡಿಗೆ ಬರುವ ಆಸೆ ಇದ್ದಂತಿಲ್ಲ. ವಾರವೆಲ್ಲ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಭಾನುವಾರ ಬೆಳಗ್ಗೆ ಇಲ್ಲಿ ಅಭ್ಯಾಸ. ಅಕ್ಕಪಕ್ಕದ ಕಾರ್ಖಾನೆಗಳಿಗೆ ರಜ, ಕರೆಂಟು ನೆಟ್ಟಗಿರುತ್ತದೆ.

‘ಆಡು ಅಂತೀರಲ್ಲ, ಅದು ಆಡೇನ್ ಸಾಮಿ?’ ಚಿಕ್ಕಬೈರಪ್ಪ ಶೆಡ್ಡಿನ ಬಾಗಿಲಲ್ಲೇ ಎರಡೂ ಕೈ ಎತ್ತಿ ನಟಿಸಿ ತೋರಿಸುತ್ತಾರೆ. ‘ಒಬ್ಬ ಡಬ ಡಬ ಅಂತ ಶುರು ಅಚ್ಕೊಂತಾನೆ. ಸರಿ, ತಲೆ ಆಕೋಣ ಅನ್ನೋವಷ್ಟೊತ್ಗೆ ನಿಲ್ಲಿಸ್ಬುಡ್ತಾನೆ. ಆಮೇಕೆ ಆ ಎಣ್ಮಗ ಕರ್ರ್ರ್ರ್ ಅಂತದೆ. ನಮ್ಮ ಅಸ ಕಟ್ಟೋ ಜಾಗ ಬದಲಾಯಿಸ್ದೆ. ಆಲು ಕಮ್ಮಿ ಆಗ್ಬುಡ್ತು, ಅದ್ಕೆ!’

ಹಸುವಿಗಿಂತ ಮೊದಲು ಮೋಸಹೋದವರು ಕೊಟ್ರಪ್ಪ. ಒಂದು ಭಾನುವಾರ ಕಾರ್ಖಾನೆಯಲ್ಲಿ ರಿಪೇರಿ ಕೆಲಸಕ್ಕೆ ಒಬ್ಬರೇ ಬಂದಿದ್ದಾರೆ. ಯಂತ್ರಗಳೆಲ್ಲ ಆಫ್. ಗೋಡೆಯಾಚೆಯಿಂದ ಕಬ್ಬಿಣ ಕಬ್ಬಿಣವನ್ನು ತಿನ್ನುವ ಸದ್ದು ಶುರುವಾಗುತ್ತದೆ, ಮೆಲ್ಲಗೆ ಏರುತ್ತದೆ. ಯಾರದೋ ಮೋಟಾರು, ಬೇರಿಂಗ್ ಹೋಗಿದೆ, ಇನ್ನೆರಡು ನಿಮಿಷದಲ್ಲಿ ಬೆಂಕಿ! ಕೈಯಲ್ಲಿದ್ದ ಸ್ಪ್ಯಾನರ್ ಬಿಸಾಕಿ ಸುತ್ತು ಹಾಕಿ ಓಡಿಬಂದ ಕೊಟ್ರಪ್ಪ ಶೆಡ್ಡಿನ ಹೊರಗಿನ ಮೇನ್ ಸ್ವಿಚ್ ಕೆಳಗೆಳೆದೇಬಿಡುತ್ತಾರೆ. ಕತ್ತಲೆಯೊಳಗಿಂದ ನಾಲ್ಕು ಜನ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬರುತ್ತಾರೆ.

‘ಬೇರಿಂಗ್ ಹೋಗೈತ್ರಿ. ಓಡಿಸ್ಬ್ಯಾಡ್ರಿ.’

ಬ್ಯಾಂಡಿನ ಗಿಟಾರು ವೇಣಿಯವರದು. ಬೇಗೂರಿನವರು, ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವರ ಉದ್ಯೋಗ. ಆ ದಿನ ಗಿಟಾರಿನ ತಂತಿಗೆ ಕಬ್ಬಿಣ ಸವೆಸುವ ಅರ ಉಜ್ಜುತ್ತಿದ್ದರು. ‘ನಗು ಬಂತು. ಆಮೇಲೆ ನಗು ನಿಂತೋಯ್ತು,’ ಎಂದು ನೆನೆಯುತ್ತಾರೆ. ‘ಆ ಸೌಂಡಿಗೋಸ್ಕರ ಎಂಟು ತಿಂಗಳು ಒದ್ದಾಡಿದ್ವಿ. ಫ್ರೆಂಡ್ಸ್ ಎಲ್ಲ ಪಾಪ, ಇಂಟರೆಸ್ಟಿಂಗ್ ಆಗಿದೆ ಅಂದಿದ್ರು. ಓಡಿ ಬಂದಿದ್ದು ಇವ್ರೊಬ್ರೇ. ಒಳಗೆ ಬನ್ನಿ ಸಾರ್, ಕೂತ್ಕೊಂಡು ಕೇಳಿ ಅಂದೆ.’

ಕೊಟ್ರಪ್ಪ ಹತ್ತು ನಿಮಿಷ ಕೂತು ಎದ್ದುಹೋದರು. ತಲೆ ಗಿರಣಿಯಾಗಿತ್ತು. ಮುಂದಿನ ಭಾನುವಾರ ಕೆಲಸವಿಲ್ಲದಿದ್ದರೂ ಚಂದಾಪುರದಿಂದ ಬಸ್ಸು ಹತ್ತಿ ಬಂದರು. ಯಾಕೆ?

‘ಒಂದ್ ಲೆಕ್ಕ ತಪ್ಪಿತ್ರಿ. ಡ್ರಮ್ಮಿನ ಏಟು ಎಣಿಸಿದ್ದೆ. ಹದಿನಾಲ್ಕನೇದ್ದು ಬೀಳಬೇಕು, ಬೀಳ್ಲಿಲ್ಲ. ಪ್ರತಿ ಸುತ್ತಿಗೂ ಬೀಳ್ಲಿಲ್ಲ. ನಮ್ಮಲ್ಲಿ ಪ್ರೆಸ್ ಏಟು ತಪ್ಪಿದ್ರ ಬೆರಳು ಹೊಕ್ಕಾವು. ಇಲ್ಲಿ ತಪ್ಪಿದ್ರ ಯಾರ್ದೂ ಏನೂ ಹೋಗ್ಲಿಲ್ಲ. ಅದ್ಹೆಂಗ ಅಂತ ವಾರಪೂರ್ತಿ ತಲ್ಯಾಗ ಕುಂತಿತ್ತು.’

ಅಲ್ಲಿಂದ ಮುಂದಿನದು ನಿಧಾನದ ಪಾಠ. ಅಲ್ಲಿಯವರೆಗಿನ ಹದಿನೇಳು ವರ್ಷ ಅವರ ಕಿವಿ ಕಲಿತದ್ದು ಒಂದೇ: ವಿಚಿತ್ರ ಸದ್ದು ಬಂದರೆ ಎಲ್ಲೋ ಕೆಟ್ಟಿದೆ, ನಿಲ್ಲಿಸು. ಈ ಸಂಗೀತದಲ್ಲಿ ಬರುವುದೆಲ್ಲ ವಿಚಿತ್ರ ಸದ್ದೇ. ತಂತಿ ಕೀರಿದಾಗೆಲ್ಲ ಬಲಗೈ ತಾನಾಗಿ ಸ್ವಿಚ್ ಹುಡುಕುತ್ತಿತ್ತು. ಕೊನೆಗೆ ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಟ್ಟು ಕೂರತೊಡಗಿದರು. ಮೊದಲ ಆರು ತಿಂಗಳು ಬರೀ ಡ್ರಮ್ಮು ಕೇಳಿದರು, ಮಿಕ್ಕದ್ದನ್ನು ಬಿಟ್ಟರು. ಆಮೇಲಿನ ಆರು ತಿಂಗಳು ಬರೀ ವೇಣಿಯವರ ಅರ. ಇಪ್ಪತ್ತೆರಡು ಯಂತ್ರ ಒಟ್ಟಿಗೆ ಓಡುವಾಗ ಒಂಬತ್ತನೆಯದನ್ನು ಬೇರ್ಪಡಿಸಿ ಕೇಳುವುದು ಅವರಿಗೆ ಗೊತ್ತಿತ್ತು. ಬೇರ್ಪಡಿಸಿದ್ದನ್ನು ಮತ್ತೆ ಕೂಡಿಸಿ ಕೇಳುವುದು ಗೊತ್ತಿರಲಿಲ್ಲ.

‘ಎರಡ್ ವರ್ಷ ಹಿಡೀತ್ರಿ. ಒಂದಿನ ನಲವತ್ತು ನಿಮಿಷದ್ದು ಪೂರ್ತಿ ಬಾರಿಸಿದ್ರು. ಮುಗದಾಗ ನೋಡಿದ್ರ ಕೈ ನನ್ನ ಮಡ್ಲಾಗ ಸುಮ್ನ ಬಿದ್ದಾವು. ಯಾವಾಗ ಮ್ಯಾಲ ಬಂದಾವೋ ಗೊತ್ತಿಲ್ಲ. ಹೆದರಿಕಿ ಇದ್ದಿದ್ದಿಲ್ಲ.’

ನಿಮ್ಮೂರಿನ ಭಜನೆ, ಡೊಳ್ಳು ನೆನಪಾಗುತ್ತದೆಯೇ ಎಂದು ವೇಣಿ ಒಮ್ಮೆ ಆಸೆಯಿಂದ ಕೇಳಿದ್ದರಂತೆ. ಕೊಟ್ರಪ್ಪ ಯೋಚಿಸಿ ಉತ್ತರ ಕೊಟ್ಟಿದ್ದರು: ‘ಇಲ್ರೀ ಮೇಡಂ. ನಮ್ಮೂರಾಗ ಹಿಂಗ ಬಾರಿಸಿದ್ರ ಹೊಡೀತಾರ.’

ಆ ನಲವತ್ತು ನಿಮಿಷದ ರಚನೆಯ ತುದಿಯಲ್ಲಿ ಎರಡು ನಿಮಿಷ ಉಳಿದೆಲ್ಲ ವಾದ್ಯಗಳು ಸುಮ್ಮನಾಗುತ್ತವೆ. ಡ್ರಮ್ಮಿನ ಸಿದ್ದಾರ್ಥ್ ಪಿಟೀಲಿನ ಕಮಾನನ್ನು ಡ್ರಮ್ಮಿನ ಪಕ್ಕದ, ತಟ್ಟೆಯಂಥ ಕಂಚಿನ ತಾಳದಂಚಿಗೆ ಎಳೆಯುತ್ತಾರೆ. ಬರುವ ಸದ್ದು ಕೂದಲಿನಷ್ಟು ಸಣ್ಣದು, ಚೂಪು. ಕೊಟ್ರಪ್ಪ ಅದಕ್ಕೆ ‘ದಾರ’ ಎಂದು ಹೆಸರಿಟ್ಟಿದ್ದಾರೆ, ಬ್ಯಾಂಡಿನವರೂ ಈಗ ಹಾಗೇ ಕರೆಯುತ್ತಾರೆ. ಕಳೆದ ಫೆಬ್ರುವರಿಯ ಒಂದು ಭಾನುವಾರ ಅಭ್ಯಾಸ ಮುಗಿದ ಮೇಲೆ ಕೊಟ್ರಪ್ಪ ಕೇಳಿದರು: ‘ಕೊನೀ ದಾರ ತಗದ್ಬಿಟ್ರೇನ್ರೀ? ಚಲೋ ಇತ್ತಲ್ಲ.’

ದಾರವನ್ನು ಅವರು ಆಗಷ್ಟೇ ಬಾರಿಸಿ ಮುಗಿಸಿದ್ದರು.

‘ಸಿದ್ದಾರ್ಥ್ ಕಮಾನು ಇನ್ನೂ ಕೈಯಲ್ಲಿ ಹಿಡ್ಕೊಂಡೇ ನಿಂತಿದ್ದ,’ ಎನ್ನುತ್ತಾರೆ ವೇಣಿ. ‘ಟೆಸ್ಟ್ ಮಾಡಿಸ್ಕೊಳ್ಳಿ ಸಾರ್ ಅಂತ ಅಷ್ಟೇ ಹೇಳೋಕಾಗಿದ್ದು.’

ಏಪ್ರಿಲ್‌ನಲ್ಲಿ ಕಾರ್ಖಾನೆಗೆ ವರ್ಷದ ತಪಾಸಣೆಯ ವ್ಯಾನು ಬಂತು. ಹೆಡ್‌ಫೋನ್ ಹಾಕಿಕೊಂಡು, ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಕೊಟ್ರಪ್ಪನವರ ಎಡಗಿವಿಗೆ ಮೇಲಿನ ಸ್ವರಗಳು ಪೂರ್ತಿ ಹೋಗಿದ್ದವು, ಬಲಗಿವಿಗೆ ಅರ್ಧ. ಕಿವಿಗೆ ಹಾಕುವ ಮಫ್ ಕಂಪನಿ ಕೊಟ್ಟಿದೆ. ಇಪ್ಪತ್ತೊಂದು ವರ್ಷ ಅದು ಕೊರಳಲ್ಲಿ ನೇತಾಡಿದ್ದೇ ಹೆಚ್ಚು. ಕೇಳುವುದೇ ಕೆಲಸವಾದವರು ಕಿವಿ ಮುಚ್ಚಿಕೊಳ್ಳುವುದು ಹೇಗೆ? ಡಾಕ್ಟರು ನೇರವಾಗಿ ಹೇಳಿದರು: ಹೋದದ್ದು ಬರುವುದಿಲ್ಲ, ಇರುವುದನ್ನು ಎಲ್ಲಿ ಸವೆಸುತ್ತೀರಿ ನೀವೇ ನೋಡಿಕೊಳ್ಳಿ.

ಮೇಲ್ವಿಚಾರಕ ದೇವರಾಜ್ ಅವರಿಗೆ ಉತ್ತರ ಸುಲಭವಾಗಿತ್ತು. ‘ಏನ್ ಗುರು, ಆ ಕರ್ಕಶ ಬಿಟ್ಬಿಡು. ಭಾನುವಾರ ಮನೇಲಿ ಮಲ್ಕೋ. ನಿನ್ ಕಿವಿ ನಮಗ್ ಬೇಕು ಕಣಪ್ಪಾ,’ ಎಂದರು. ಪ್ರೀತಿಯಿಂದಲೇ ಎಂದರು. ಕೊಟ್ರಪ್ಪ ಹೂಂ ಅಂದರು. ಎರಡು ಭಾನುವಾರ ಹೋಗಲೂ ಇಲ್ಲ.

ಜೂನ್‌ನಲ್ಲಿ ಒಂಬತ್ತನೇ ಯಂತ್ರಕ್ಕೆ ಅವರು ಸೊನ್ನೆ ಬರೆದರು. ಕಾರ್ಖಾನೆ ಹೊಸದಾಗಿ ತರಿಸಿದ್ದ, ಕಂಪನ ಅಳೆಯುವ ಮೀಟರು ಅದೇ ದಿನ ಕೆಂಪು ದೀಪ ತೋರಿಸಿತು. ಬಿಚ್ಚಿ ನೋಡಿದರೆ ಬೇರಿಂಗ್ ಸವೆದಿತ್ತು. ಯಾರಿಗೂ ಏನೂ ಆಗಲಿಲ್ಲ. ದೇವರಾಜ್ ‘ಬಿಡು ಗುರು, ಒಂದಾದ್ರೂ ತಪ್ಪಬೇಕಲ್ಲ’ ಎಂದು ಬೆನ್ನು ತಟ್ಟಿದರು. ಕೊಟ್ರಪ್ಪ ಮಾತ್ರ ಆ ಯಂತ್ರದಲ್ಲಿ ಕೂರುವ ಹೆಣ್ಣುಮಗಳ ಕೈಯನ್ನೇ ನೋಡುತ್ತ ನಿಂತಿದ್ದರಂತೆ. ಮರುದಿನವೇ ಸ್ಟೋರಿಗೆ ಹಾಕಿಕೊಡಿ ಎಂದು ಅರ್ಜಿ ಬರೆದರು.

‘ಪ್ರೆಸ್ಸಿಗೆ ನೂರಕ್ಕ ನೂರು ಕಿವಿ ಬೇಕ್ರಿ. ತೊಂಬತ್ತು ಇದ್ರ ಯಾರದೋ ಬೆರಳು. ಆ ಹಾಡಿಗೆ ಹಂಗಿಲ್ಲ. ಅರವತ್ತು ಇದ್ರ ಅರವತ್ತರಷ್ಟು ಕೊಡ್ತೈತಿ. ಇರೋ ಕಿವೀನ ದಿನಾ ಎಂಟು ತಾಸು ಇಲ್ಲಿ ಸವಿಸಿದ್ರ ಇವ್ರಿಗೂ ದಕ್ಕಂಗಿಲ್ಲ, ನನಗೂ ದಕ್ಕಂಗಿಲ್ಲ.’

ಸ್ಟೋರ್ ರೂಮಿನಲ್ಲಿ ಯಾರೂ ಅವರನ್ನು ಡಾಕ್ಟರು ಅನ್ನುವುದಿಲ್ಲ. ಅದು ಗೊತ್ತು. ಕ್ಯಾಂಟೀನಿನಲ್ಲಿ ಈಗಾಗಲೇ ಒಬ್ಬ ಅವರ ಮುಂದೆ ಸ್ಟೀಲ್ ತಟ್ಟೆಗೆ ಚಮಚ ಉಜ್ಜಿ ‘ಅಣ್ಣಾ, ಹೆಂಗೈತೆ ನಮ್ ಸಂಗೀತ?’ ಎಂದು ಕಿಚಾಯಿಸುತ್ತಾನೆ. ಕೊಟ್ರಪ್ಪ ತಲೆ ಎತ್ತದೆ ಅನ್ನ ಕಲಸುತ್ತ, ‘ತಟ್ಟಿ ಚಲೋ ಐತಿ, ನೀ ಅವಸರ ಮಾಡ್ತಿ’ ಎನ್ನುತ್ತಾರೆ. ಇಡೀ ಬೆಂಚು ನಗುತ್ತದೆ. ಅವರು ತಮಾಷೆಗೆ ಹೇಳಿದ್ದಲ್ಲ.

ವೇಣಿ ಒಂದು ದಾರಿ ಹುಡುಕಿದ್ದರು. ದಾರವನ್ನು ಇನ್ನೊಂದು ದಪ್ಪ ತಾಳದಲ್ಲಿ, ಕೆಳಗಿನ ಸ್ವರದಲ್ಲಿ ಬಾರಿಸಿದರೆ ಇವರ ಬಲಗಿವಿಗೆ ಸಿಕ್ಕೀತು. ಒಮ್ಮೆ ಬಾರಿಸಿಯೂ ತೋರಿಸಿದರು. ಕೊಟ್ರಪ್ಪನವರಿಗೆ ಕೇಳಿಸಿತು, ಬೇಡ ಎಂದರು. ‘ನನ್ನ ಕಿವಿ ಸಲುವಾಗಿ ಹಾಡು ಬಗ್ಗಿಸಬ್ಯಾಡ್ರಿ. ಅದು ಎಲ್ಲೈತೋ ಅಲ್ಲೇ ಇರ್ಲಿ.’

ಈ ಭಾನುವಾರ ಬೆಳಗಿನ ಏಳಕ್ಕೆ ಶೆಡ್ಡಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳು. ಒಂದರಲ್ಲಿ ಕೊಟ್ರಪ್ಪ, ಕಿವಿಗಳಲ್ಲಿ ವೇಣಿ ಕೊಟ್ಟ ರಬ್ಬರ್ ಬಿರಡೆ. ಇನ್ನೊಂದರಲ್ಲಿ, ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ಶಿವಗಂಗಾ. ‘ಯಾತರ ಸಲುವಾಗಿ ಕೆಲ್ಸ ಬದಲ್ ಮಾಡಾಕತ್ತಾನ ನೋಡೇ ಬಿಡ್ತೀನಿ ಅಂತ ಬಂದೀನ್ರಿ,’ ಎನ್ನುತ್ತಾರೆ. ಐದನೇ ನಿಮಿಷಕ್ಕೆ ಸೆರಗು ಕಿವಿಗೆ ಹೋಗುತ್ತದೆ. ಹತ್ತನೇ ನಿಮಿಷಕ್ಕೆ ಗಂಡನತ್ತ ಒಂದು ನೋಟ, ಅದರ ಅನುವಾದ ಬೇಕಿಲ್ಲ. ವೇಣಿಯ ಅರ ಕಿರುಚಿದಾಗ ‘ಎವ್ವಾ!’ ಎಂದದ್ದು ಡ್ರಮ್ಮನ್ನು ಮೀರಿ ಕೇಳಿಸುತ್ತದೆ. ಎದ್ದು ಮಾತ್ರ ಹೋಗುವುದಿಲ್ಲ.

ಮೂವತ್ತೆಂಟನೇ ನಿಮಿಷ. ಎಲ್ಲ ನಿಲ್ಲುತ್ತದೆ. ಸಿದ್ದಾರ್ಥ್ ಕಮಾನು ಎತ್ತಿಕೊಳ್ಳುತ್ತಾರೆ. ಕೊಟ್ರಪ್ಪ ಬಿರಡೆ ತೆಗೆದು, ಎಡಗೈಯನ್ನು ಹೆಂಡತಿಯ ಕಡೆ ಚಾಚುತ್ತಾರೆ. ಬಸ್ಸಿನಲ್ಲಿ ಬರುವಾಗಲೇ ಮಾತಾಗಿದೆ: ಸಪ್ಪಳ ಇರೋತನಕ ಮುಂಗೈ ಹಿಡಿ, ನಿಂತ ಕೂಡಲೇ ಬಿಡು. ಕಮಾನು ತಾಳದಂಚಿಗೆ ತಾಗುತ್ತದೆ. ಶಿವಗಂಗಾ ಅವರ ಹಿಟ್ಟಿಗೆ ಒಣಗಿದ ಬೆರಳುಗಳು ಗಂಡನ ಮುಂಗೈ ಸುತ್ತುತ್ತವೆ. ಶೆಡ್ಡಿನಲ್ಲಿ ಇದ್ದವರಿಗೆಲ್ಲ ದಾರ ಕೇಳಿಸುತ್ತಿದೆ, ಒಬ್ಬರನ್ನು ಬಿಟ್ಟು. ಆ ಒಬ್ಬರು ಸಿದ್ದಾರ್ಥ್ ಅವರ ಕೈಯನ್ನೇ ನೋಡುತ್ತಿದ್ದಾರೆ. ಎರಡು ನಿಮಿಷದ ಮೇಲೆ ಕಮಾನು ತಾಳ ಬಿಟ್ಟು ಮೇಲೇಳುತ್ತದೆ. ಸಿದ್ದಾರ್ಥ್ ತೋಳು ಇಳಿಸುತ್ತಾರೆ. ಮುಂಗೈ ಮೇಲಿನ ಹಿಡಿತ ಹಾಗೇ ಇದೆ. ಒಂದು ಉಸಿರು, ಎರಡು, ಮೂರು. ಕೊಟ್ರಪ್ಪ ತಿರುಗಿ ಹೆಂಡತಿಯ ಮುಖ ನೋಡುತ್ತಾರೆ. ಆಕೆ ಕಣ್ಣು ಮುಚ್ಚಿದ್ದಾರೆ. ನಾಲ್ಕು, ಐದು. ಆಮೇಲೆ ಬೆರಳುಗಳು ಸಡಿಲವಾಗುತ್ತವೆ.

‘ತಲಿಶೂಲಿ ಬಂತು ನೋಡ್,’ ಎನ್ನುತ್ತಾರೆ ಶಿವಗಂಗಾ, ಸೆರಗು ಸರಿಮಾಡಿಕೊಂಡು. ‘ಕೊನೀದ್ ಒಂದ್ ಅಡ್ಡಿಯಿಲ್ಲ.’

ಕೊಟ್ರಪ್ಪ ತಮ್ಮ ಮುಂಗೈ ನೋಡಿಕೊಳ್ಳುತ್ತಾರೆ. ‘ಅವ್ರು ಕೈ ಇಳಿಸಿದ ಮ್ಯಾಲೂ ಈಕಿ ಬಿಡ್ಲಿಲ್ಲ ನೋಡ್ರಿ,’ ಎನ್ನುತ್ತಾರೆ, ಮೆಲ್ಲಗೆ. ‘ಕಿವಿ ಸರಿ ಇದ್ದಾಗೂ ನನಗ ಇದು ತಿಳಿದಿದ್ದಿಲ್ಲ. ಅಷ್ಟು ಉದ್ದ ಐತಿ ಆ ದಾರ.’